ಕಿಂಗ್ಸ್‌ವುಡ್ ಕಾರಿನ ತಂಪು

ಕ್ಲೈವ್ ಟ್ರೆಗೆಂಜ ತನ್ನ ಹಳೇ ಕಾರಿನ ಏಸಿಯ ಕಂಪ್ರೆಸರನ್ನು ತಂದು ಅಡುಗೆಮನೆಯ ಪಾತ್ರೆ ತೊಳೆಯುವ ಯಂತ್ರದೊಳಗೆ ಇಟ್ಟ ದಿನವೇ ಆ ಮನೆಯಲ್ಲಿ ಜಗಳ ಶುರುವಾಯಿತು ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಅದು ಸುಳ್ಳು. ಜಗಳ ಮೊದಲೂ ಇತ್ತು. ಅಂದು ಅದಕ್ಕೊಂದು ನೆಪ ಸಿಕ್ಕಿತು ಅಷ್ಟೆ.

ಸೊಸೆ ಕೆರಿನ್ ಕೆಲಸದಿಂದ ಬಂದು ತಟ್ಟೆ ತೆಗೆಯಲು ಬಾಗಿಲು ಎಳೆದರೆ, ಕೆಳಗಿನ ಸಾಲಿನಲ್ಲಿ ಕಬ್ಬಿಣದ ಗುಂಡು, ಮೇಲಿನ ಸಾಲಿನಲ್ಲಿ ಲೋಟಗಳ ಜೊತೆಗೆ ಎರಡು ಬ್ರಾಕೆಟ್ಟು, ಒಂದು ಪುಲ್ಲಿ. ತಳದಲ್ಲಿ ಕಪ್ಪು ನೀರು.

"ಇದ್ರಲ್ಲಿ ನಾವು ಉಣ್ಣೋ ತಟ್ಟೆ ಇಡ್ತೀವಿ ಕ್ಲೈವ್. ಗ್ರೀಸು ತೊಳೆಯೋಕೆ ಹಿತ್ತಲಲ್ಲಿ ನಲ್ಲಿ ಇದೆ."

"ಯಂತ್ರ ಕೊಂಡಿದ್ದು ನಾನು," ಎಂದ ಕ್ಲೈವ್.

"ದಿನಾ ತುಂಬೋದು, ಖಾಲಿ ಮಾಡೋದು ನಾನು."

ಕುರ್ಚಿಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ವಾಲ್ಡಾ ನಡುವೆ ಬಾಯಿ ಹಾಕಿದಳು. "ಇರ್ಲಿ ಬಿಡು ಕೆರಿನ್. ಎರಡು ದಿನ ತಟ್ಟೆ ನಾನೇ ಕೈಯಲ್ಲಿ ತೊಳೀತೀನಿ. ಏಸಿ ಬೇಗ ಆಗ್ಬೇಕಲ್ಲ."

ವಾಲ್ಡಾ ಕ್ಲೈವ್‌ನ ಹೆಂಡತಿ. ಅವಳಿಗೆ ನರಗಳ ಕಾಯಿಲೆ. ಮನೆಯ ಮಾಡಿನ ಮೇಲಿನ ಕೂಲರ್ ಓಡುತ್ತಿದ್ದರೆ ಕೋಲು ಊರಿ ಓಡಾಡುತ್ತಾಳೆ, ತರಕಾರಿ ಹೆಚ್ಚುತ್ತಾಳೆ, ಸೊಸೆಗೆ ಎದುರುತ್ತರ ಕೊಡುತ್ತಾಳೆ. ಮೈ ಬಿಸಿಯಾಯಿತೋ, ಕಾಲು ಮಾತು ಕೇಳುವುದಿಲ್ಲ, ಕಣ್ಣು ಮಂಜಾಗುತ್ತದೆ, ಮೂತ್ರ ಹಿಡಿತದಲ್ಲಿ ನಿಲ್ಲುವುದಿಲ್ಲ. ನಮ್ಮೂರು ಬ್ರೋಕನ್ ಹಿಲ್, ಮರುಭೂಮಿಯಂಚಿನ ಗಣಿಯೂರು. ಇಲ್ಲಿ ಬೇಸಿಗೆ ಡಿಸೆಂಬರಿನಿಂದ ಮಾರ್ಚಿವರೆಗೆ, ಆಗ ನಾಯಿಯೂ ಮಧ್ಯಾಹ್ನ ಬೀದಿ ದಾಟುವುದಿಲ್ಲ. ಇಂಥ ಊರಲ್ಲಿ ಇಂಥ ಕಾಯಿಲೆ ಬರಬಾರದು, ಬಂದಿತ್ತು.

ಅವಳ ಅಕ್ಕ ಐರಿಸ್ ಅಡಿಲೇಡಿನ ಆಸ್ಪತ್ರೆಯಲ್ಲಿದ್ದಳು. ಇಲ್ಲಿಂದ ಅಲ್ಲಿಗೆ ಕಾರಿನಲ್ಲಿ ಹೆಚ್ಚುಕಮ್ಮಿ ಆರು ಗಂಟೆಯ ದಾರಿ. ತಾಯಿ ಸತ್ತಾಗ ವಾಲ್ಡಾ ಇನ್ನೂ ಹಾಲುಹಲ್ಲಿನ ಮಗು. ತಲೆ ಬಾಚಿದ್ದು, ಶಾಲೆಗೆ ಬಿಟ್ಟಿದ್ದು, ಮದುವೆಯ ಉಡುಪು ಹೊಲಿದಿದ್ದು ಎಲ್ಲ ಐರಿಸ್. ಈಗ ಅವಳ ಹೊಟ್ಟೆಯಲ್ಲಿ ಗಡ್ಡೆ, ಡಾಕ್ಟರರು ಕೈಚೆಲ್ಲಿದ್ದರು. ಒಮ್ಮೆ ಅವಳ ಕೈ ಹಿಡಿದು ಕೂತು ಬರಬೇಕು ಎನ್ನುವುದು ವಾಲ್ಡಾಳ ಆಸೆ. ಬೇರೇನನ್ನೂ ಅವಳು ಆ ಬೇಸಿಗೆಯಲ್ಲಿ ಕೇಳಲಿಲ್ಲ.

ಹೋಗುವುದು ಹೇಗೆ? ಬಸ್ಸಿನ, ವಿಮಾನದ ಮೆಟ್ಟಿಲು ಅವಳ ಕಾಲಿಗೆ ಆಗುವಂಥದ್ದಲ್ಲ. ಮಗ ಗ್ರಾಂಟ್ ದೂರದ ಗಣಿಯಲ್ಲಿ ಎರಡು ವಾರ ದುಡಿದು ಒಂದು ವಾರ ಮನೆಗೆ ಬರುವವನು, ಅವನ ಎತ್ತರದ ಟ್ರಕ್ಕಿಗೆ ಹತ್ತುವುದೂ ಅವಳಿಂದಾಗದು. ಕೆರಿನ್ ಹತ್ತಿರ ಹೊಸ ಕಾರಿತ್ತು, ಒಳಗೆ ಕೂತರೆ ಫ್ರಿಜ್ಜಿನಷ್ಟು ತಣ್ಣಗೆ. ಆದರೆ ಹಿಂದಿನ ಬೇಸಿಗೆಯಲ್ಲಿ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಬಿಸಿಲಲ್ಲಿ ನಿಂತಿದ್ದ ಆ ಕಾರಿನ ತಿಳಿಬಣ್ಣದ ಸೀಟಿನ ಮೇಲೆ ವಾಲ್ಡಾಳಿಗೆ ತಡೆಯಲಾಗಲಿಲ್ಲ. ಕೆರಿನ್ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಆ ಭಾನುವಾರ ಚರ್ಚಿನವರು ಊಟಕ್ಕೆ ಬಂದಿದ್ದಾಗ ಮಾತ್ರ, ಸಾರು ಬಡಿಸುತ್ತ ನಗುನಗುತ್ತ ಹೇಳಿದಳು: "ಇನ್ಮೇಲೆ ವಾಲ್ಡಾನ ಕರ್ಕೊಂಡು ಹೋಗೋದಾದ್ರೆ ನಾಯಿಮರಿಗೆ ಹಾಸೋ ಪ್ಲಾಸ್ಟಿಕ್ ಇದ್ಯಲ್ಲ, ಅದನ್ನ ಹಾಸ್ಕೋತೀನಿ." ಬಂದವರು ತಟ್ಟೆ ನೋಡಿದರು. ವಾಲ್ಡಾ ಅಂದಿನಿಂದ ಆ ಕಾರಿಗೆ ಕಾಲಿಟ್ಟಿಲ್ಲ.

ಉಳಿದದ್ದು ಕ್ಲೈವ್‌ನ ಕಿಂಗ್ಸ್‌ವುಡ್. ಐವತ್ತು ವರ್ಷ ಹಳೆಯ ಕಾರು, ಕೆನೆ ಬಣ್ಣ. ಆ ಕಾಲಕ್ಕೆ ಏಸಿ ಹಾಕಿಸಿಕೊಂಡು ಬಂದಿದ್ದ ಅಪರೂಪದ ಗಾಡಿ. ಏಸಿ ಕೆಟ್ಟು ಎಷ್ಟೋ ಕಾಲವಾಗಿತ್ತು. ಕ್ರಿಸ್‌ಮಸ್ ಆದ ಮೇಲೆ ಕ್ಲೈವ್ ಒಂದು ಬೆಳಿಗ್ಗೆ ಬಾನೆಟ್ ಎತ್ತಿ ಅದರ ಭಾಗಗಳನ್ನು ಬಿಚ್ಚತೊಡಗಿದ. ವಾಲ್ಡಾ ಬಾಗಿಲಲ್ಲಿ ನಿಂತು ಕೇಳಿದಳು, ಇದು ಸರಿಹೋದರೆ ಐರಿಸ್‌ನ ನೋಡೋಕೆ ಹೋಗಬಹುದಾ ಎಂದು.

"ಏಸಿ ಕೆಲಸ ಮುಗೀಲಿ, ಹೋಗೋಣ," ಎಂದ ಅವನು, ತಲೆ ಎತ್ತದೆ.

ಆ ಮಾತಿಗೆ ಅವಳು ಜೋತುಬಿದ್ದಳು. ಬ್ರಾಕೆಟ್ಟುಗಳ ತುಕ್ಕು ಬಿಡಿಸಲು ತಾನು ಕಾಲು ನೆನೆಸುತ್ತಿದ್ದ ಬೋಗುಣಿಯನ್ನೇ ಕೊಟ್ಟಳು. ಅದರಲ್ಲಿ ವಿನೆಗರ್ ಸುರಿದು ಅವನು ಕಬ್ಬಿಣ ಅದ್ದಿಟ್ಟ. ಮನೆಯೆಲ್ಲ ಉಪ್ಪಿನಕಾಯಿ ಹುಳಿ ವಾಸನೆ. ಆಮೇಲೆ ಒಂದೊಂದನ್ನೇ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಹಿತ್ತಲಿನ ಬಟ್ಟೆ ಒಣಹಾಕುವ ತಂತಿಗೆ ಕಟ್ಟಿ ಕಪ್ಪು ಬಣ್ಣ ಸಿಂಪಡಿಸಿದ. ಕೆರಿನ್‌ಳ ಬಿಳಿ ದುಪ್ಪಟಿಯ ಮೇಲೆ ಕಪ್ಪು ಚುಕ್ಕೆ ಬಿದ್ದವು, ಅದಕ್ಕೊಂದು ಜಗಳ. ಬಣ್ಣ ಗಟ್ಟಿಯಾಗಲಿ ಎಂದು ಅಡುಗೆಮನೆಯ ಓವನ್ ಒಲೆಯೊಳಗೆ ಸಣ್ಣ ಉರಿಯಲ್ಲಿ ಬೇಯಿಸಿದ. ನಮ್ಮಲ್ಲಿ ಹಳೇ ಕಾರಿನ ಹುಚ್ಚು ಹತ್ತಿದ ಗಂಡಸರೆಲ್ಲ ಇದನ್ನು ಮಾಡುತ್ತಾರೆ, ಹೆಂಗಸರೆಲ್ಲ ಬೈಯುತ್ತಾರೆ. ವಾಲ್ಡಾ ಬೈಯಲಿಲ್ಲ. ಅದೇ ಒಲೆಯಲ್ಲಿ ಸಂಜೆ ಹಿಟ್ಟಿನ ಹಾಳೆಯಲ್ಲಿ ಹೂರಣ ತುಂಬಿ ಪೇಸ್ಟಿ ಬೇಯಿಸಿದಳು. ಮಾಂಸ, ಆಲೂಗಡ್ಡೆ, ಈರುಳ್ಳಿ ಎಲ್ಲ ಹದವಾಗಿತ್ತು, ಮೊದಲ ತುತ್ತಿಗೇ ಪೇಂಟಿನ ರುಚಿ.

"ತಾತ, ಇದಕ್ಕೆ ಎಷ್ಟು ಕೋಟ್ ಹೊಡ್ದಿದೀರ?" ಎಂದಳು ಮೊಮ್ಮಗಳು ತಾಲಿಯಾ. ಅವಳು ಸೂಪರ್ ಮಾರ್ಕೆಟ್ಟಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲುವವಳು, ನಾಲಗೆ ಚುರುಕು.

ವಾಲ್ಡಾ ನಕ್ಕಳು. ಕೆರಿನ್ ತನ್ನ ಪೇಸ್ಟಿಯನ್ನು ಕಸದ ಡಬ್ಬಿಗೆ ಹಾಕಿ, ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ಕೋಣೆಗೆ ಹೋದಳು.

ಇಂಜಿನ್ನಿನ ಮುಂದೆ ನಿಲ್ಲುವ ಕಂಡೆನ್ಸರ್ ಎನ್ನುವುದೊಂದಿದೆಯಲ್ಲ, ತೆಳ್ಳನೆಯ ತಗಡಿನ ಎಲೆಗಳ ಜಾಲರಿ, ಗಾಳಿ ಅದರ ಸಂದಿಯಲ್ಲಿ ಹಾದು ಹೋಗಬೇಕು. ಐವತ್ತು ವರ್ಷದ ಮಿಡತೆ, ಕಲ್ಲು, ಧೂಳು ಬಡಿದು ಅದರ ಎಲೆಗಳು ಅರ್ಧಕ್ಕರ್ಧ ಮಡಚಿಕೊಂಡಿದ್ದವು. ಕ್ಲೈವ್‌ನ ಕೈ ಗಣಿಯಲ್ಲಿ ದಡ್ಡುಗಟ್ಟಿದ್ದು, ಅವನು ಮುಟ್ಟಿದರೆ ಇನ್ನೂ ನಾಲ್ಕು ಮುರಿಯುತ್ತಿತ್ತು. ವಾಲ್ಡಾ ಅದನ್ನು ಊಟದ ಮೇಜಿನ ಮೇಲೆ ಟವೆಲ್ ಹಾಸಿ ಮಲಗಿಸಿಕೊಂಡು, ತಾಲಿಯಾಗೆ ಚಿಕ್ಕಂದಿನಲ್ಲಿ ಹೇನು ತೆಗೆಯುತ್ತಿದ್ದ ಸೀರಣಿಗೆ ಹಿಡಿದು ಎಲೆ ಎಲೆಯಾಗಿ ಬಾಚಿದಳು. ಬೆಳಿಗ್ಗೆ ಚಹಾ ಆದ ಮೇಲೆ ಕೂತರೆ ಕಣ್ಣು ಮಂಜಾಗುವವರೆಗೆ. ಆ ಕೆಲಸ ಮಾಡುವಾಗ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದಳು. ಅಕ್ಕತಂಗಿ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಐರಿಸ್‌ಗೆ ಉಸಿರು ಸಾಲುತ್ತಿರಲಿಲ್ಲ.

"ಕಾರು ರೆಡಿ ಆಯ್ತೇನೆ ವಾಲ್ಡಿ?"

"ಇನ್ನೊಂಚೂರಿದೆ ಅಕ್ಕ. ನಾನೇ ಬಾಚ್ತಾ ಇದೀನಿ."

"ನಿನ್ನ ತಲೆ ಬಾಚೋಕೆ ನಾನು ಪಟ್ಟ ಪಾಡು ನಿಂಗೂ ಗೊತ್ತಾಗ್ಲಿ."

ಕ್ಲೈವ್ ಆ ಜಾಲರಿಗೆ ಬಣ್ಣ ಹಚ್ಚಿ ತಂದು ತೋರಿಸಿದಾಗ ವಾಲ್ಡಾ ಅದರ ಮೇಲೆ ಅಂಗೈ ಆಡಿಸಿ, ಹಿಂದಿನಿಂದ ಬಾಯಲ್ಲಿ ಊದಿ, ಗಾಳಿ ಆಚೆ ಬರುವುದನ್ನು ಕೆನ್ನೆಗೆ ಹಿಡಿದು ನೋಡಿಕೊಂಡಳು. ಅಷ್ಟು ಸಂತೋಷ ಅವಳ ಮುಖದಲ್ಲಿ ಆ ಬೇಸಿಗೆ ಮತ್ತೆ ಕಾಣಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮೂರಿನ ಹಳೇ ಕಾರಿನ ಸಂಘದವರು ಬೇಸಿಗೆಯ ಕೊನೆಗೆ ಪ್ರದರ್ಶನ ನಡೆಸುತ್ತಾರೆ. ತೀರ್ಪುಗಾರರು ಬಾನೆಟ್ ಎತ್ತಿಸಿ, ಬಿಳಿ ಬಟ್ಟೆಯಲ್ಲಿ ಒರೆಸಿ, ಒಂದೊಂದು ಬೋಲ್ಟನ್ನೂ ಬಗ್ಗಿ ನೋಡುತ್ತಾರೆ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಇರಬೇಕು. ಇಂಜಿನ್ ಓಡಬೇಕು, ದೀಪ ಉರಿಯಬೇಕು. ಏಸಿ ತಂಪು ಕೊಡುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ಕಾಲದ ಗ್ಯಾಸು ಈಗ ಸಿಗುವುದಿಲ್ಲ. ಈಗಿನ ಗ್ಯಾಸು ತುಂಬಬೇಕಾದರೆ ಕಂಪ್ರೆಸರ್, ಪೈಪು, ಅದರ ಮೂತಿ ಎಲ್ಲ ಹೊಸ ಬಗೆಯದು ಬೇಕು. ಹೊಸದು ಕಂಡರೆ ಅಂಕ ಕತ್ತರಿ. ಹೀಗಾಗಿ ಗೆಲ್ಲುವ ಏಸಿ ತಂಪು ಕೊಡುವುದಿಲ್ಲ, ತಂಪು ಕೊಡುವ ಏಸಿ ಗೆಲ್ಲುವುದಿಲ್ಲ. ಹಿಂದಿನ ವರ್ಷ ಕ್ಲೈವ್ ಎರಡನೆಯವನಾಗಿದ್ದ. ಏಸಿ ಭಾಗಗಳು ತುಕ್ಕು ಹಿಡಿದು ನೋಡುವ ಹಾಗಿಲ್ಲ ಎಂದು ತೀರ್ಪುಗಾರ ಹತ್ತು ಜನರ ಮುಂದೆ ಅಂದಿದ್ದ. ಆ ಮಾತು ಅವನಿಗೆ ಮುಳ್ಳಾಗಿ ಚುಚ್ಚಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತಾರಲ್ಲ, ಆ ಜಾತಿಯ ಮನುಷ್ಯ.

ಇದು ವಾಲ್ಡಾಳಿಗೆ ಗೊತ್ತಿರಲಿಲ್ಲ. ಅವಳು ಒಂದು ಪ್ರದರ್ಶನಕ್ಕೂ ಹೋದವಳಲ್ಲ, ಆ ಶೆಡ್ಡಿನ ಬಿಸಿ ಅವಳಿಗೆ ಆಗುತ್ತಿರಲಿಲ್ಲ.

ಗ್ರಾಂಟ್ ಗಣಿಯಿಂದ ಬಂದ ವಾರ ಅಮ್ಮನ ಮಾತು ಕೇಳಿ ಮೆಕ್ಯಾನಿಕ್ಕನ ಹತ್ತಿರ ಹೋಗಿ ಎಲ್ಲ ಮಾತಾಡಿಕೊಂಡು ಬಂದ. ಹೊಸ ಕಂಪ್ರೆಸರ್, ಹೊಸ ಪೈಪು ಕೂರಿಸಿ ಗ್ಯಾಸ್ ತುಂಬಿ ಎರಡೇ ದಿನದಲ್ಲಿ ಕೊಡುತ್ತೇನೆ ಎಂದಿದ್ದ ಅವನು. ಗ್ರಾಂಟ್ ಅದನ್ನು ಹೇಳಲು ಹಿತ್ತಲಿನ ಶೆಡ್ಡಿಗೆ ಹೋದಾಗ ಕ್ಲೈವ್ ಕಂಪ್ರೆಸರಿನ ಮೇಲೆ ಕಾರ್ಖಾನೆಯ ಹಳೇ ಚೀಟಿಯ ಪಡಿಯಚ್ಚನ್ನು ಉಗುರಿನಿಂದ ಒತ್ತಿ ಅಂಟಿಸುತ್ತಿದ್ದ.

"ಹೊಸದು ಬೇಡ," ಎಂದ.

"ಇದನ್ನ ನೀನು ಪಾತ್ರೆ ಯಂತ್ರಕ್ಕೆ ಹಾಕಿದ್ಯಂತೆ. ಒಳಗೆ ನೀರು ಹೋದ್ರೆ ಇದು ಸತ್ತ ಹಾಗೇ ಅಪ್ಪ."

"ಒಳಗೆ ಏನಾದ್ರೂ ಇದ್ರೆ ತಾನೆ."

ಗ್ರಾಂಟ್ ಅದನ್ನು ಎತ್ತಿ ನೋಡಿದ. ಎರಡು ಕೈ ಬೇಕಾಗುವ ಭಾರದ ವಸ್ತು ಒಂದೇ ಕೈಗೆ ಬಂತು. ಒಳಗಿನದೆಲ್ಲ ಜಾಮ್ ಆಗಿ ಹೋಗಿತ್ತು, ಅದಕ್ಕೇ ಕಿತ್ತು ಬಿಸಾಡಿದೆ ಎಂದು ಕ್ಲೈವ್ ವಿವರಿಸಿದ. ಹೊರಗಿನಿಂದ ನೋಡಿದರೆ ಯಾರಿಗೆ ಗೊತ್ತಾಗುತ್ತದೆ?

"ಅಮ್ಮ ಇದನ್ನ ನಂಬ್ಕೊಂಡು ಕೂತಿದಾಳೆ."

"ಶೋ ಮುಗೀಲಿ. ಆಮೇಲೆ ನಿನ್ನ ಮೆಕ್ಯಾನಿಕ್ಕು ಏನು ಬೇಕಾದ್ರೂ ಹಾಕ್ಲಿ."

"ದೊಡ್ಡಮ್ಮ ಅಲ್ಲೀವರೆಗೆ ಇರ್ತಾಳಾ?"

"ಇರ್ತಾಳೆ. ಆ ಹೆಂಗಸು ಗಟ್ಟಿ."

ಗ್ರಾಂಟ್ ಅಪ್ಪನ ಎದುರು ಎಂದೂ ಎರಡನೆಯ ಮಾತು ಆಡಿದವನಲ್ಲ. ರಾತ್ರಿ ಹೆಂಡತಿಗೆ ಎಲ್ಲ ಹೇಳಿ, ಅಮ್ಮನಿಗೆ ಏನೂ ಹೇಳದೆ, ವಾರ ಮುಗಿದಾಗ ಗಣಿಗೆ ವಾಪಸಾದ. ಹೇಡಿಗಳಲ್ಲೂ ಒಳ್ಳೆಯವರಿರುತ್ತಾರೆ ಎನ್ನುವುದಾದರೆ ಅವನು ಒಳ್ಳೆಯವನೇ.

ಕೆರಿನ್‌ಗೆ ಈಗ ಗೊತ್ತಿತ್ತು. ಗೊತ್ತಿದ್ದೂ ಅವಳು ಪ್ರತಿ ಸಂಜೆ ಅತ್ತೆಯ ಎದುರು ಕೂತು, ಏಸಿ ಎಲ್ಲಿಗೆ ಬಂತು, ಯಾವಾಗ ಹೊರಡುತ್ತೀರಿ ಎಂದು ವಿಚಾರಿಸತೊಡಗಿದಳು. ವಾಲ್ಡಾ ಉತ್ಸಾಹದಿಂದ ಹೇಳುತ್ತಿದ್ದಳು. ಅಪ್ಪ ಅಮ್ಮನಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದ ತಾಲಿಯಾಗೆ ಇದು ಸಹಿಸಲಾಗಲಿಲ್ಲ, ಒಂದು ದಿನ ಬಟ್ಟೆ ಮಡಚುವಾಗ ಅಮ್ಮನನ್ನು ಕೇಳಿಯೇ ಬಿಟ್ಟಳು.

"ಅಜ್ಜಿಗೆ ಯಾಕಮ್ಮ ಹೇಳ್ಬಾರ್ದು?"

"ಅವರ ಗಂಡ, ಅವರ ಕಾರು. ನನ್ನ ಕಾರಲ್ಲಿ ಬನ್ನಿ ಅಂತ ನಾನು ಹೋದ ತಿಂಗಳೇ ಕರ್ದಿದ್ದೆ. ಮುಖ ತಿರುಗಿಸ್ಕೊಂಡ್ರು. ಕಾಯ್ಲಿ."

"ನೀನು ಕರ್ದಾಗ ಪ್ಲಾಸ್ಟಿಕ್ ಕೈಯಲ್ಲೇ ಹಿಡ್ಕೊಂಡಿದ್ದೆ."

"ಬಾಯಿ ಮುಚ್ಕೊಂಡು ಕಾಲುಚೀಲ ಜೋಡಿಸು."

ತಾಲಿಯಾ ಜೋಡಿಸಿದಳು. ಹೇಳಲು ಹೋದರೆ ತಾತನ ಕೂಗಾಟ, ಅಮ್ಮನ ಸಿಡಿಮಿಡಿ, ಅಜ್ಜಿಯ ಅಳು, ಮೂರನ್ನೂ ಅವಳೇ ಹೊರಬೇಕಿತ್ತು. ಇಪ್ಪತ್ತರ ಹುಡುಗಿ ಅಷ್ಟಕ್ಕೆಲ್ಲ ತಲೆಕೊಡುವುದಿಲ್ಲ.

ಪ್ರದರ್ಶನದ ವಾರ ಭಾಗಗಳೆಲ್ಲ ಕಾರಿನಲ್ಲಿ ಕೂತವು. ಕಪ್ಪು ಕಂಪ್ರೆಸರ್, ಕಪ್ಪು ಬ್ರಾಕೆಟ್, ಬೆಳ್ಳಿ ಬಣ್ಣದ ಪೈಪಿನ ತುದಿಗಳು. ಬಾನೆಟ್ ಎತ್ತಿದರೆ ಕಣ್ಣಿಗೆ ಹಬ್ಬ, ಅದರಲ್ಲಿ ಸುಳ್ಳಿಲ್ಲ. ವಾಲ್ಡಾ ಕೋಲು ಊರಿ ಶೆಡ್ಡಿಗೆ ಬಂದು ಮುಂದಿನ ಸೀಟಿನಲ್ಲಿ ಕೂತಳು, ಗುಂಡಿ ತಿರುಗಿಸಿದಳು. ಫ್ಯಾನು ಗುರ್ ಎಂದು ಬಿಸಿಗಾಳಿ ಉಗುಳಿತು. ಅವಳು ಗಂಡನ ಮುಖ ನೋಡಿದಳು.

"ಗ್ಯಾಸ್ ತುಂಬಿಸ್ಬೇಕು ವಾಲ್. ಶೋ ಮುಗೀಲಿ."

"ಸೋಮವಾರ?"

"ಸೋಮವಾರ."

ಶನಿವಾರ ಮಧ್ಯಾಹ್ನ ವಾಲ್ಡಾ ಮಲಗಿದ್ದಾಗ ಐರಿಸ್‌ಳ ಮಗ ನೆವಿಲ್ ಫೋನ್ ಮಾಡಿದ. ಕ್ಲೈವ್ ಎತ್ತಿಕೊಂಡ. ಐರಿಸ್ ಹೋಗಿಬಿಟ್ಟಿದ್ದಳು. ಅವನು ಅಡುಗೆಮನೆಗೆ ಬಂದು, ಹಿಂದಿನ ದಿನವಷ್ಟೇ ರಜೆಗೆ ಬಂದಿದ್ದ ಗ್ರಾಂಟ್‌ಗೂ ಕೆರಿನ್‌ಗೂ ತಾಲಿಯಾಗೂ ತಗ್ಗಿದ ದನಿಯಲ್ಲಿ ಹೇಳಿದ. ಈಗಲೇ ಹೇಳಿದರೆ ಅವಳು ರಾತ್ರಿಯೆಲ್ಲ ಗೋಳಾಡುತ್ತಾಳೆ, ನಾಳೆ ತಾನು ಮನೆ ಬಿಟ್ಟು ಹೊರಡುವಂತಿಲ್ಲ. ಸತ್ತವಳು ಎಲ್ಲಿಗೂ ಓಡಿಹೋಗುವುದಿಲ್ಲ. ನಾಳೆ ಸಂಜೆ ಹೇಳೋಣ. ಯಾರೂ ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಸಂಜೆ ಊಟಕ್ಕೆ ತಣ್ಣನೆಯ ಹ್ಯಾಮು, ಬೀಟ್‌ರೂಟು, ಆಲೂಗಡ್ಡೆ ಸಲಾಡು. ವಾಲ್ಡಾ ಎಂದಿಗಿಂತ ಹೆಚ್ಚು ತಿಂದಳು. ಐರಿಸ್‌ಗೆ ಆಸ್ಪತ್ರೆಯ ಸಪ್ಪೆ ಜೆಲ್ಲಿ ಕಂಡರಾಗದು, ಅವಳಿಗೊಂದು ಶೀಸೆ ಏಪ್ರಿಕಾಟ್ ಜಾಮ್ ತೆಗೆದಿಟ್ಟಿದ್ದೇನೆ ಎಂದಳು. ಸೋಮವಾರ ಉಡಲು ನೀಲಿ ಉಡುಪಿಗೆ ಇಸ್ತ್ರಿ ಹಾಕಿಕೊಡುತ್ತೀಯಾ ಎಂದು ಸೊಸೆಯನ್ನು ಕೇಳಿದಳು. ಕೆರಿನ್ ಹ್ಞೂಂ ಎಂದು ಬೀಟ್‌ರೂಟಿನ ಬಟ್ಟಲು ಮುಂದೆ ತಳ್ಳಿದಳು.

"ಐರಿಸ್‌ಗೆ ಒಂದು ಫೋನ್ ಮಾಡಿ ಸೋಮವಾರ ಬರ್ತೀನಿ ಅಂತ ಹೇಳಿಬಿಡ್ಲಾ?"

ಗ್ರಾಂಟ್ ತಟ್ಟೆಯತ್ತ ಮುಖ ತಗ್ಗಿಸಿದ.

"ಈಗ ಬೇಡ," ಎಂದ ಕ್ಲೈವ್. "ಮಲಗಿರ್ತಾಳೆ."

ತಾಲಿಯಾ ಎದ್ದು ಹೋಗಿ, ಊಟ ಮುಗಿಯದವರ ತಟ್ಟೆಗಳನ್ನೂ ಎಳೆದುಕೊಂಡು ತೊಳೆಯತೊಡಗಿದಳು. ಕೆರಿನ್ ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟು, ನೀಲಿ ಉಡುಪಿನ ಕಾಲರನ್ನು ಮಡಿಕೆ ಬೀಳದ ಹಾಗೆ ನೀಟಾಗಿ ತಿಕ್ಕಿದಳು. ನನಗೆ ಆ ಮನೆಯ ಬೇರೆಲ್ಲವನ್ನೂ ಕ್ಷಮಿಸಬಹುದು ಅನಿಸುತ್ತದೆ, ಈ ಒಂದು ಊಟವನ್ನಲ್ಲ.

ಭಾನುವಾರ ಕ್ಲೈವ್ ಗೆದ್ದ. ತೀರ್ಪುಗಾರ ಬಿಳಿ ಬಟ್ಟೆಯಲ್ಲಿ ಕಂಪ್ರೆಸರ್ ಒರೆಸಿ, ಬಟ್ಟೆಯನ್ನು ಜನರಿಗೆ ತೋರಿಸಿ ಚಪ್ಪಾಳೆ ಹೊಡೆಸಿದ. ಮನೆಗೆ ಬಂದು ಕ್ಲೈವ್ ಬಹುಮಾನದ ಕಪ್ಪನ್ನು ಊಟದ ಮೇಜಿನ ನಡುವೆ ಇಟ್ಟ. ವಾಲ್ಡಾ ಅದನ್ನು ಪಕ್ಕಕ್ಕೆ ಸರಿಸಿ, ಬೆಳಿಗ್ಗೆ ಎಷ್ಟೊತ್ತಿಗೆ ಹೊರಡೋದು ಎಂದಳು.

"ಐರಿಸ್ ಹೋದ್ಲು ವಾಲ್. ಈಗ ತಾನೇ ಫೋನ್ ಬಂತು."

ವಾಲ್ಡಾ ಪಕ್ಕದಲ್ಲಿದ್ದ ಫೋನನ್ನು ಕೈಗೆ ತೆಗೆದುಕೊಂಡಳು. ಇದು ದಿನವೆಲ್ಲ ತನ್ನ ಪಕ್ಕದಲ್ಲೇ ಇತ್ತಲ್ಲ, ಯಾರೂ ಮಾಡಲಿಲ್ಲವಲ್ಲ ಎಂದಳು. ಆಗ ತಾಲಿಯಾಗೆ ತಡೆಯಲಾಗಲಿಲ್ಲ.

"ನಿನ್ನೆ ಮಧ್ಯಾಹ್ನಾನೇ ಬಂತು ಅಜ್ಜಿ. ಎಲ್ರಿಗೂ ಗೊತ್ತಿತ್ತು. ನಂಗೂ ಗೊತ್ತಿತ್ತು. ಆ ಏಸಿ ಒಳಗೂ ಏನಿಲ್ಲ, ಬರೀ ಡಬ್ಬ. ಅದು ಯಾವತ್ತೂ ತಂಪಾಗಲ್ಲ."

ಕೆರಿನ್ ಮಗಳ ತೋಳು ಹಿಡಿದು ಎಳೆದಳು. ವಾಲ್ಡಾ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. ಗ್ರಾಂಟ್‌ನ ಹತ್ತಿರ ಬಂದಾಗ, ನಿಜವಾ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿ, ಐವತ್ತರ ಗಂಡಸು, ಗಳಗಳನೆ ಅತ್ತ. ಅವಳು ಅಳಲಿಲ್ಲ. ಕೋಲು ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಣ್ಣು ಮಾಡುವ ದಿನ ಗೊತ್ತಾಗುವವರೆಗೆ ಅವಳ ಊಟ ಆ ಕೋಣೆಯ ಬಾಗಿಲಲ್ಲೇ ತಣ್ಣಗಾಯಿತು.

ಶುಕ್ರವಾರ ಅಡಿಲೇಡಿನ ಚರ್ಚಿನಲ್ಲಿ ಅಂತ್ಯಕ್ರಿಯೆ ಎಂದು ಗೊತ್ತಾದಾಗ ಕೆರಿನ್ ತಾನಾಗಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಇರಲಿಲ್ಲ. "ನನ್ನ ಕಾರಲ್ಲಿ ಹೋಗೋಣ ವಾಲ್ಡಾ. ಸೀಟಿಗೆ ಏನಾದ್ರೂ ಆದ್ರೆ ಆಗ್ಲಿ. ನಿಜವಾಗ್ಲೂ ಹೇಳ್ತಿದೀನಿ."

"ನನ್ನ ಗಂಡನ ಕಾರಲ್ಲಿ ಏಸಿ ಇದೆ," ಎಂದಳು ವಾಲ್ಡಾ. "ಅದಕ್ಕೆ ಮೊದಲನೇ ಬಹುಮಾನ ಬಂದಿದೆ."

ಗ್ರಾಂಟ್ ಕಾಲಿಗೆ ಬಿದ್ದ ಹಾಗೆ ಬೇಡಿಕೊಂಡ. ಕ್ಲೈವ್ ಮೆಕ್ಯಾನಿಕ್ಕನ ಹತ್ತಿರ ಓಡಿದ, ಅಂದು ಇದ್ದ ಭಾಗಗಳು ಬೇರೆ ಕಾರಿಗೆ ಹೋಗಿದ್ದವು, ಮತ್ತೆ ತರಿಸಲು ಒಂದು ವಾರ ಬೇಕಿತ್ತು. ವಾಲ್ಡಾ ನೀಲಿ ಉಡುಪು ತೊಟ್ಟು ಶುಕ್ರವಾರ ನಸುಕಿನಲ್ಲೇ ಕಿಂಗ್ಸ್‌ವುಡ್ಡಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಉಳಿದವರು ಕೆರಿನ್‌ಳ ಕಾರಿನಲ್ಲಿ ಹಿಂದೆ ಬಂದರು.

ಬಿಸಿಲು ಏರುವವರೆಗೆ ಪರವಾಗಿರಲಿಲ್ಲ. ಆಮೇಲೆ ಕ್ಲೈವ್ ಕಿಟಕಿ ಇಳಿಸಲು ಹೋದ.

"ಏಸಿ ಹಾಕಿದೀನಲ್ಲ. ಮುಚ್ಚು," ಎಂದಳು. ಫ್ಯಾನು ಬಿಸಿಗಾಳಿ ಉಗುಳುತ್ತಿತ್ತು.

ದಾರಿ ನಡುವೆ ಯುಂಟಾದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಅವಳ ಕಾಲು ಸೀಟಿನಿಂದ ಏಳಲಿಲ್ಲ. ಮುಖ ಕೆಂಪಾಗಿ ಊದಿಕೊಂಡಿತ್ತು. ತಾಲಿಯಾ ಒದ್ದೆ ಟವೆಲು, ಐಸು ತಂದು ಕುತ್ತಿಗೆಗೆ ಒತ್ತಿದಳು, ಅದಕ್ಕೆ ಮಾತ್ರ ವಾಲ್ಡಾ ಬೇಡ ಎನ್ನಲಿಲ್ಲ. ಕ್ಲೈವ್ ಅವಳ ಬಾಗಿಲ ಬಳಿ ಮೊಣಕಾಲೂರಿ, ಹಿಂದಿನ ಕಾರಿಗೆ ಹೋಗು ವಾಲ್, ನಿನ್ನ ನಾನೇ ಕೊಂದುಬಿಡ್ತೀನೇನೋ ಅನ್ನಿಸ್ತಿದೆ ಎಂದು ಅತ್ತ. ಅವಳಿಗೆ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಓಡ್ಸು," ಎಂದಳು.

ಇದು ಹುಚ್ಚು ಹಟ, ನಾನು ಇದನ್ನು ಮೆಚ್ಚಿ ಹೇಳುತ್ತಿಲ್ಲ. ಆದರೆ ತನ್ನದು ಎನ್ನುವುದು ಅವಳ ಹತ್ತಿರ ಉಳಿದಿದ್ದು ಆ ಮೈಯೊಂದೇ, ಅದನ್ನೇ ಎತ್ತಿ ಗಂಡನಿಗೆ ಹೊಡೆದಳು.

ಚರ್ಚಿನ ಮುಂದೆ ಕಾರು ನಿಂತಾಗ ನೆವಿಲ್ ಓಡಿ ಬಂದ. ಬಾಗಿಲು ತೆಗೆದವನು ಒಳಗಿನ ಬಿಸಿಗೆ ಒಂದು ಹೆಜ್ಜೆ ಹಿಂದೆ ಸರಿದ. ಚಿಕ್ಕಮ್ಮನ ಉಡುಪು ಸೊಂಟದಿಂದ ಕೆಳಗೆ ಒದ್ದೆಯಾಗಿತ್ತು. ಅವನು ನೋಡದವನ ಹಾಗೆ ಅವಳ ಕೈ ಹಿಡಿದುಕೊಂಡ.

"ಅಮ್ಮ ಕೊನೇವರೆಗೂ ಕೇಳ್ತಿದ್ಲು ಚಿಕ್ಕಮ್ಮ. ವಾಲ್ಡಿ ಕಾರು ರೆಡಿ ಆಯ್ತಾ ಅಂತ."

"ರೆಡಿ ಆಗಿದೆ," ಎಂದಳು ವಾಲ್ಡಾ. "ಕ್ಲೈವ್, ಬಾನೆಟ್ ಎತ್ತು. ತೋರ್ಸು ಇವರಿಗೆ."

ಬೇಡ ವಾಲ್ ಎಂದ ಕ್ಲೈವ್. ಅವಳು ಮತ್ತೊಮ್ಮೆ ಹೇಳಿದಳು, ಈ ಸಲ ಬಾಗಿಲಲ್ಲಿ ನಿಂತಿದ್ದ ಪಾದ್ರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಅವನು ಎತ್ತಿದ. ನಮ್ಮ ಗಂಡಸರ ಬುದ್ಧಿಯೇ ಅಷ್ಟು, ಸಾವಿನ ಮನೆಯಾದರೂ ಸರಿ, ಬಾನೆಟ್ ಎದ್ದರೆ ಕಾಲು ತಾನಾಗಿ ಅತ್ತ ಹೋಗುತ್ತದೆ. ಕಪ್ಪು ಟೈ ಕಟ್ಟಿದ ನಾಲ್ಕೈದು ಜನ ಸುತ್ತ ನಿಂತರು. ಐರಿಸ್‌ಳ ಕಿರಿಯ ಅಳಿಯ ಶಿಳ್ಳೆ ಹಾಕಲು ಹೋಗಿ ನಿಲ್ಲಿಸಿಕೊಂಡ. ಇಂಥ ಕೆಲಸ ತಾನು ಕಂಡೇ ಇಲ್ಲ, ಕಾರ್ಖಾನೆಯಿಂದ ಇವತ್ತು ಬಂದ ಹಾಗಿದೆ ಎಂದ ಇನ್ನೊಬ್ಬ.

"ಏಸಿ ಓಡುತ್ತಾ, ಕೇಳಿ ಅವನ್ನ," ಎಂದಳು ವಾಲ್ಡಾ ಒಳಗಿನಿಂದ.

ಕ್ಲೈವ್ ಬಾನೆಟ್ಟಿನ ಅಂಚು ಹಿಡಿದುಕೊಂಡೇ ನಿಂತಿದ್ದ. "ಓಡಲ್ಲ," ಎಂದ. "ಒಳಗೆ ಏನೂ ಇಲ್ಲ. ಶೋಗೆ ಅಂತ ಮಾಡಿದ್ದು."

ನೆವಿಲ್ ಕಾರಿನ ಮುಂಭಾಗಕ್ಕೆ ಬಂದ.

"ನಾನು ಪ್ರತಿ ವಾರ ಫೋನ್ ಮಾಡ್ದಾಗ್ಲೂ ಇನ್ನೊಂಚೂರು ಕೆಲಸ ಇದೆ ಅಂತಿದ್ರಿ ಚಿಕ್ಕಪ್ಪ. ನಾನು ಹೋಗಿ ಅಮ್ಮನಿಗೆ ಹಾಗೇ ಹೇಳ್ತಿದ್ದೆ. ಅವಳು ಅದಕ್ಕೇ ಮಾರ್ಫಿನ್ ಬೇಡ ಅಂತಿದ್ಲು. ವಾಲ್ಡಿ ಬಂದಾಗ ನಿದ್ದೆ ಹೋಗಿರ್ಬಾರ್ದು ಅಂತ."

ವಾಲ್ಡಾಳಿಗೆ ಇದು ಗೊತ್ತಿರಲಿಲ್ಲ. ಅವಳ ಬಾಯಿಂದ ಒಂದು ಸದ್ದು ಹೊರಟಿತು, ಮಾತಲ್ಲ. ಗಂಡನಿಗೆ ಹೊಡೆಯಲೆಂದು ತಾನು ತಂದಿದ್ದು ತಿರುಗಿ ಅವಳ ಎದೆಗೇ ಬಡಿದಿತ್ತು. ಗ್ರಾಂಟ್ ಓಡಿ ಬಂದ. ಚರ್ಚಿನಿಂದ ಒಂದು ಕುರ್ಚಿ ತರಿಸಿ, ಅವನೂ ನೆವಿಲ್ಲೂ ಅವಳನ್ನು ಅದರಲ್ಲಿ ಕೂರಿಸಿ ಎತ್ತಿಕೊಂಡರು. ಕೆರಿನ್ ತನ್ನ ಕೋಟು ಬಿಚ್ಚಿ ಅತ್ತೆಯ ಮಡಿಲ ಮೇಲೆ ಹೊದಿಸಿದಳು. ವಾಲ್ಡಾ ಅದನ್ನು ತಳ್ಳಲಿಲ್ಲ, ಅದರ ಕಡೆ ನೋಡಲೂ ಇಲ್ಲ.

ಕ್ಲೈವ್ ಹಿಂದೆ ಬರಲು ಹೊರಟ. ಐರಿಸ್‌ಳ ಮಗಳೊಬ್ಬಳು ಮೆಟ್ಟಿಲ ಮೇಲೆ ನಿಂತು, ಏರುದನಿ ಮಾಡದೆ, ನೀವು ಒಳಗೆ ಬರುವುದು ಬೇಡ ಎಂದಳು. ಅವನು ವಾಲ್ಡಾಳ ಬೆನ್ನು ನೋಡಿದ, ಅವಳು ಏನಾದರೂ ಹೇಳಿಯಾಳು ಎಂದು. ಕುರ್ಚಿ ಬಾಗಿಲು ದಾಟಿ ಹೋಯಿತು.

ಒಳಗೆ ಹಾಡು ಶುರುವಾಯಿತು. ಹೊರಗಿನ ಬಿಸಿಲಲ್ಲಿ ಕ್ಲೈವ್ ಕಾರಿನ ಹತ್ತಿರ ವಾಪಸು ಬಂದು ನಿಂತ. ಒಳಗೆ ಕೂರೋಣವೆಂದು ಬಾಗಿಲು ತೆಗೆದ, ಆ ಬಿಸಿಯಲ್ಲಿ ಕೂರಲು ಆಗುವ ಹಾಗಿರಲಿಲ್ಲ.